ಸುಣ್ಣದಕಲ್ಲಿಗೆ ಬಂದರು, ಉಳಿದವರು ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ಕರ್ನಾಟಕಕ್ಕೆ ಸಾವಿರಾರು ಕೋಟಿ ವಿದೇಶಿ ಬಂಡವಾಳ ಬಂತು ಅಂತ ಪೇಪರ್‌ನಲ್ಲಿ ಓದುತ್ತೇವೆ. ನಮ್ಮ ಕಡೆ ಏನೂ ಕಾಣಲ್ಲ. ಲಂಚ ಜಾಸ್ತಿ, ಅದಕ್ಕೇ ಬರಲ್ಲ ಅಂತಾರೆ. ಹಾಗಾದರೆ ಚೀನಾಕ್ಕೆ ಅಷ್ಟು ದುಡ್ಡು ಹೇಗೆ ಹೋಯಿತು? ಅಲ್ಲಿ ಲಂಚ ಇಲ್ವಾ?
– ಓದುಗರೊಬ್ಬರು, ಚಿತ್ತಾಪುರ

ಉತ್ತರ: ಏನೂ ಬಂದಿಲ್ಲ ಅನ್ನಬೇಡಿ. ನಿಮ್ಮ ಪಕ್ಕದ ವಾಡಿಯ ಎಸಿಸಿ ಸಿಮೆಂಟ್ ಫ್ಯಾಕ್ಟರಿ 2022ರಲ್ಲಿ ಅದಾನಿಯವರ ಕೈಗೆ ಹೋಗುವ ತನಕ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಹಿಡಿತದಲ್ಲೇ ಇತ್ತು. ಚಿಂಚೋಳಿ ತಾಲ್ಲೂಕಿನಲ್ಲಿ ಫ್ರಾನ್ಸಿನ ವಿಕಾ ಕಂಪನಿ ಸಿಮೆಂಟ್ ಮಾಡುತ್ತಿದೆ. ಇವರು ಬಂದದ್ದು ನಮ್ಮ ಆಫೀಸುಗಳ ಚೆಂದ ನೋಡಿ ಅಲ್ಲ, ಸುಣ್ಣದಕಲ್ಲು ನೋಡಿ. ಕಲ್ಲನ್ನು ಎತ್ತಿಕೊಂಡು ಗುಜರಾತಿಗೆ ಹೋಗಲು ಆಗಲ್ಲ ಅಲ್ವಾ? ಹಾಗಾಗಿ ಏನೇ ಕಿರಿಕಿರಿ ಇದ್ದರೂ ತಡೆದುಕೊಳ್ಳುತ್ತಾರೆ.

ಮೊಬೈಲು, ಬಟ್ಟೆ ಮಾಡುವವರ ಕಥೆ ಬೇರೆ. ಇಲ್ಲಿ ಆಗದಿದ್ದರೆ ತಮಿಳುನಾಡಿನ ಶ್ರೀಪೆರಂಬುದೂರು, ಅದೂ ಬೇಡ ಅಂದರೆ ವಿಯೆಟ್ನಾಂ. ಆಡಳಿತ ಹೇಗಿದೆ ಅಂತ ನೋಡಿ ಜಾಗ ಆರಿಸುವವರು ಇವರು.

ನಮ್ಮ ಭಾವನದೇ ಹೇಳುತ್ತೇನೆ. ದಾಲ್ ಮಿಲ್ ಹಾಕಲು ಎರಡು ಎಕರೆ ಹೊಲವನ್ನು ಎನ್.ಎ., ಅಂದರೆ ಕೃಷಿಯೇತರ ಜಮೀನು, ಮಾಡಿಸಲು ಹೊರಟರು. ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಗುಮಾಸ್ತ ಕೆಂಪು ದಾರ ಬಿಚ್ಚಿ, ನಕಾಶೆ ಬಿಡಿಸಿ, "ಕಾಕಾ, ಇದರಾಗ ಬಾಂದು ಕಾಣವಲ್ದು. ಸರ್ವೇಯರ್ ಸಹಿ ತರ್ರಿ" ಅಂದ. ಹೋದರೆ ಆ ಸರ್ವೇಯರ್‌ಗೆ ವರ್ಗ ಆಗಿತ್ತು. ಹೊಸಬ, "ಹಳೀ ಅಳತಿ ನಡಿಯಂಗಿಲ್ರಿ" ಅಂದ. ಮತ್ತೆ ಅರ್ಜಿ. ಅಷ್ಟರಲ್ಲಿ ಮಷೀನು ಬಂದು ತಾಡಪಾಲಿನ ಕೆಳಗೆ ಮಳೆಗಾಲ ಕಳೆಯಿತು, ಬ್ಯಾಂಕಿನ ಬಡ್ಡಿ ನಿಲ್ಲಲಿಲ್ಲ. ಭಾವನಿಗೆ ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತಾ? "ರೊಕ್ಕ ಕೇಳಿದ್ದಕ್ಕಲ್ಲೋ. ಯಾವತ್ತು ಆಗ್ತದ ಅಂತ ಒಬ್ಬರರ ಹೇಳಲಿಲ್ಲ ನೋಡು!"

ನಿಮ್ಮ ಚೀನಾ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಲಂಚ ಅಲ್ಲೂ ಇದೆ, ಸುಮ್ನೆ ಇಲ್ಲ ಅನ್ನುವುದು ಬೇಡ. ಆದರೆ 1980ರಲ್ಲಿ ಶೆನ್ಜೆನ್‌ನಂಥ ವಿಶೇಷ ವಲಯ ಮಾಡಿ ರಸ್ತೆ, ಕರೆಂಟು, ಬಂದರು ಕೊಟ್ಟರು. ಊರಿಗೆ ಎಷ್ಟು ಫ್ಯಾಕ್ಟರಿ ತಂದ ಅನ್ನುವುದರ ಮೇಲೆ ಅಧಿಕಾರಿಯ ಬಡ್ತಿ ನಿಂತಿತ್ತು. ಕೊಟ್ಟ ಮಾತು ನಡೆಯುತ್ತೆ ಅನ್ನುವ ಧೈರ್ಯ ದುಡ್ಡು ಹಾಕುವವನಿಗೆ ಬಂತು. ಮೊದಮೊದಲು ಬಂದ ದುಡ್ಡಿನಲ್ಲಿ ಹಾಂಗ್‌ಕಾಂಗಿನ ಚೀನೀಯರದ್ದೇ ದೊಡ್ಡ ಪಾಲು ಅನ್ನುವುದನ್ನೂ ಮರೆಯಬೇಡಿ.

ನಾವು ಮಾಡಿದ್ದು ನೋಡಿ. ಬ್ರಿಟನ್ನಿನ ವೊಡಾಫೋನ್ 2007ರಲ್ಲಿ ಇಲ್ಲಿನ ಮೊಬೈಲ್ ಕಂಪನಿಯಲ್ಲಿ ಹಾಂಗ್‌ಕಾಂಗಿನ ಹಚಿಸನ್‌ಗಿದ್ದ ಪಾಲು ಕೊಂಡಿತು. ತೆರಿಗೆ ಕಟ್ಟು ಅಂತ ಸರ್ಕಾರ, ಕಟ್ಟಬೇಕಿಲ್ಲ ಅಂತ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು. ಅದೇ ವರ್ಷದ ಬಜೆಟ್‌ನಲ್ಲಿ ಸರ್ಕಾರ ಕಾನೂನನ್ನೇ ತಿದ್ದಿ, 1962ರಿಂದಲೇ ಅನ್ವಯ ಅಂತು! ಆಟ ಮುಗಿದ ಮೇಲೆ ನಿಯಮ ಬದಲಿಸಿದ ಹಾಗೆ. ಅದನ್ನು ಕೈಬಿಟ್ಟದ್ದು 2021ರ ಆಗಸ್ಟ್‌ನಲ್ಲಿ.

ಇನ್ನೊಂದು ಲೆಕ್ಕ. ವಿಶ್ವಬ್ಯಾಂಕಿನ 2020ರ ವರದಿಯಲ್ಲಿ, ವ್ಯಾಪಾರ ಮಾಡುವುದು ಎಷ್ಟು ಸುಲಭ ಅನ್ನುವುದರಲ್ಲಿ ಭಾರತ 63ನೇ ಸ್ಥಾನಕ್ಕೆ ಏರಿತ್ತು. ಎಲ್ಲರೂ ಹೊಗಳಿದರು. ಅದೇ ವರದಿಯಲ್ಲಿ ಕರಾರಿನ ವ್ಯಾಜ್ಯ ಬಗೆಹರಿಸುವುದರಲ್ಲಿ ನಾವು 163. ಒಂದು ಕೇಸಿಗೆ 1,445 ದಿನ. (ಅಂಕಿಗಳಲ್ಲಿ ಕೈಚಳಕ ಆಗಿದೆ ಅಂತ ಆಮೇಲೆ ಆ ವರದಿಯನ್ನೇ ನಿಲ್ಲಿಸಿದರು. ಆಡಳಿತ ಅಳೆಯುವವರ ಆಡಳಿತವೂ ಅಷ್ಟಕ್ಕಷ್ಟೇ!)

ಅಂದಹಾಗೆ, ಭಾವನ ಮಿಲ್ ಈಗ ನಡೆಯುತ್ತಿದೆ. ಲೈಸೆನ್ಸ್ ನವೀಕರಣ ಮಾರ್ಚ್‌ಗೆ. ಫೈಲನ್ನು ದಸರೆಗೇ ಕಟ್ಟಿಟ್ಟಿದ್ದಾರೆ, ನಕಾಶೆಯ ಮೂರು ಜೆರಾಕ್ಸ್ ಸಮೇತ.