ಎಚ್‌ಆರ್‌ಪಿ ಬದಲು ಐರನ್ ಆಕ್ಸೈಡ್ ನ್ಯಾನೊಕಣ ಹಾಕಬಹುದೇ?

ವಿದ್ಯುತ್ ಕೊಟ್ಟರೆ ಬೆಳಕು ಸೂಸುವ, ಅಂದರೆ ಇಸಿಎಲ್ ಸೆನ್ಸರಿನಲ್ಲಿ ಲ್ಯೂಮಿನಾಲ್ ಎಂಬ ಬೆಳಗುವ ರಾಸಾಯನಿಕದ ಜೊತೆ ಬಳಸುವ ಎಚ್‌ಆರ್‌ಪಿ (ಒಂದು ಪೆರಾಕ್ಸಿಡೇಸ್) ಕಿಣ್ವ ಬೇಗ ಕೆಡುತ್ತಿದೆ, ಆ ಜಾಗಕ್ಕೆ ಐರನ್ ಆಕ್ಸೈಡ್ ನ್ಯಾನೊಕಣ ಹಾಕಲೇ ಎಂದು ಕೇಳಿದ್ದೀರಿ. ಹಾಕಬಹುದು. ಆದರೆ ಅದೇ ಬಫರಿನಲ್ಲಿ ಅದೇ ಫಲಿತಾಂಶ ಬರುತ್ತದೆ ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡು ಕೆಲವು ತಿಂಗಳು ಕಳೆದುಕೊಂಡೆ.

2007ರಲ್ಲಿ ಚೀನಾದ ಯಾನ್ ಶಿಯುನ್ ಅವರ ತಂಡ ಮ್ಯಾಗ್ನಟೈಟ್ ಎಂಬ ಐರನ್ ಆಕ್ಸೈಡ್ ಕಣಗಳು ಪೆರಾಕ್ಸಿಡೇಸ್‌ನಂತೆ ಕೆಲಸ ಮಾಡುತ್ತವೆ ಎಂದು ತೋರಿಸಿತು. ಆ ಕೆಲಸ ಚುರುಕಾಗಿ ನಡೆಯುವುದು ಪಿಎಚ್ 3.5ರ ಆಸುಪಾಸಿನಲ್ಲಿ. ಲ್ಯೂಮಿನಾಲ್‌ಗೆ ಬೇಕಾದದ್ದು ಕ್ಷಾರ. ಎತ್ತು ಏರಿಗೆ, ಕೋಣ ನೀರಿಗೆ! ಇನ್ನೂ ಕೆಟ್ಟದ್ದೆಂದರೆ, ಪಿಎಚ್ ಏರಿದಂತೆ ಇದೇ ಕಣಗಳು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವದ ಚಾಳಿ ಹಿಡಿಯುತ್ತವೆ. ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಲ್ಯೂಮಿನಾಲನ್ನು ಬೆಳಗಿಸುವ ಚುರುಕು ತುಣುಕು, ಅಂದರೆ ರ್‍ಯಾಡಿಕಲ್ ಕೊಡುವ ಬದಲು ನೀರು, ಆಕ್ಸಿಜನ್ ಮಾಡಿಬಿಡುತ್ತವೆ. ರ್‍ಯಾಡಿಕಲ್ ಇಲ್ಲದಿದ್ದರೆ 425 ನ್ಯಾನೊಮೀಟರಿನ ಆ ನೀಲಿ ಬೆಳಕು ಮಂಕಾಗುತ್ತದೆ. ಹಾಗಾಗಿ ಕ್ಷಾರದಲ್ಲೂ ಚುರುಕಾಗಿರುವ ಕೋಬಾಲ್ಟ್ ಆಕ್ಸೈಡ್‌ನಂಥದ್ದನ್ನು ಮೊದಲು ನೋಡಿ ಎನ್ನುತ್ತೇನೆ.

ಎರಡನೆಯ ಪೆಟ್ಟು ನನಗೆ ಬಿದ್ದದ್ದು ಬ್ಲ್ಯಾಂಕ್‌ನಲ್ಲಿ. ಆ್ಯಂಟಿಜೆನ್ (ಪತ್ತೆ ಹಚ್ಚಬೇಕಾದ ವಸ್ತು) ಹಾಕದ ಎಲೆಕ್ಟ್ರೋಡೂ ಬೆಳಗುತ್ತಿತ್ತು! ಇಸಿಎಲ್‌ಗೆ ಹೊರಗಿನ ಬೆಳಕು ಬೇಡ, ಹಿನ್ನೆಲೆ ಕತ್ತಲು. ಅದೇ ಅದರ ಹೆಚ್ಚುಗಾರಿಕೆ. ಆ ಕತ್ತಲಲ್ಲಿ ಸುಮ್ಮನೆ ಅಂಟಿಕೊಂಡ ನಾಲ್ಕು ಕಣವೂ ಕಾಣುತ್ತವೆ. ಬಿಎಸ್‌ಎ ಎಂಬ ಪ್ರೋಟೀನ್ ಹಾಕಿ ತಡೆಯಲು ಹೋದರೆ ಅದು ಕಣದ ಮೈಯನ್ನೇ ಮುಚ್ಚಿ ವೇಗ ಕುಗ್ಗಿಸುತ್ತದೆ. ಸೀರಂನ ಪ್ರೋಟೀನ್‌ಗಳೂ ಹಾಗೆಯೇ. ಅದರಲ್ಲಿರುವ ವಿಟಮಿನ್ ಸಿ ರ್‍ಯಾಡಿಕಲ್‌ಗಳನ್ನು ನುಂಗುವುದು ಬೇರೆ. ಎಲೆಕ್ಟ್ರೋಡ್ ಮೇಲೆ ಮೊದಲು ಬಿಎಸ್‌ಎ, ಆಮೇಲೆ ಕಣ ಕಟ್ಟಿದ ಆ್ಯಂಟಿಬಾಡಿ, ಕೊನೆಗೆ ಸ್ವಲ್ಪ ಟ್ವೀನ್ (ಸೋಪಿನಂಥ ಡಿಟರ್ಜೆಂಟ್) ಬೆರೆಸಿ ಚೆನ್ನಾಗಿ ತೊಳೆಯುವುದು: ಈ ಕ್ರಮದಲ್ಲಿ ನನ್ನ ಬ್ಲ್ಯಾಂಕ್ ಇಳಿಯಿತು.

ಇನ್ನೊಂದು, ನ್ಯಾನೊಜೈಮ್‌ಗೆ, ಅಂದರೆ ಕಿಣ್ವದಂತೆ ಕೆಲಸ ಮಾಡುವ ಇಂಥ ನ್ಯಾನೊಕಣಕ್ಕೆ, ಅಳೆಯಬೇಕಾದ ವಸ್ತುವಿನ ಗುರುತು ಹಿಡಿಯಲು ಬರುವುದಿಲ್ಲ. ಗುರುತು ಹಿಡಿಯುವುದು ಆ್ಯಂಟಿಬಾಡಿ ಅಥವಾ ಆಪ್ಟಮರ್‌ನ (ಗುರಿಗೆ ಅಂಟುವ ಡಿಎನ್‌ಎ ಅಥವಾ ಆರ್‌ಎನ್‌ಎ ಎಳೆ) ಕೆಲಸ. ಕಣ ಬರೀ ಸಿಗ್ನಲ್ ದೊಡ್ಡದು ಮಾಡುತ್ತದೆ. ಗ್ಲೂಕೋಸ್ ಅಳೆಯುವುದಾದರೆ ಅದರಿಂದ ಪೆರಾಕ್ಸೈಡ್ ಮಾಡುವ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಇನ್ನೂ ಬೇಕಾಗಬಹುದು, ಅಂದರೆ ಕೆಡುವ ಕಿಣ್ವದಿಂದ ಪೂರ್ತಿ ಬಿಡುಗಡೆ ಇಲ್ಲ.

ಕೋಬಾಲ್ಟ್ ಬಳಸಿದರೆ ಒಂದು ಪರೀಕ್ಷೆ ತಪ್ಪಿಸಬೇಡಿ. ಕಣಗಳನ್ನು ಬಫರಿನಲ್ಲಿ ಒಂದು ರಾತ್ರಿ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಗೆ ಮಾತ್ರ ಲ್ಯೂಮಿನಾಲ್ ಮತ್ತು ಪೆರಾಕ್ಸೈಡ್ ಹಾಕಿ ನೋಡಿ. ಅಲ್ಲೂ ಬೆಳಕು ಬಂದರೆ ಕೆಲಸ ಮಾಡುತ್ತಿರುವುದು ಕಣವಲ್ಲ, ಅದರಿಂದ ಕರಗಿ ಬಂದ ಕೋಬಾಲ್ಟ್ ಅಯಾನು.