ಶಾಲೆಗೆ ಹೋಗುವ ಮಗಳಿಗೆ ಟ್ಯಾಬ್ಲೆಟ್ಟೋ, ಲ್ಯಾಪ್‌ಟಾಪೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಗಳು ಒಂಬತ್ತನೇ ತರಗತಿಗೆ ಹೋಗುತ್ತಿದ್ದಾಳೆ. ಅವಳಿಗೆ ಟ್ಯಾಬ್ಲೆಟ್ ಆಸೆ, ನಿಮ್ಮ ಯಜಮಾನರು ಲ್ಯಾಪ್‌ಟಾಪ್ ಅನ್ನುತ್ತಿದ್ದಾರೆ. ಕೊಳ್ಳುವುದು ಒಂದೇ, ಅದು ನಾಲ್ಕು ವರ್ಷವಾದರೂ ಬಾಳಬೇಕು. ಸರಿ ತಾನೆ?

ನಾನು ಎರಡೂ ಕೊಂಡು ನೋಡಿದವನು. ಮಗನಿಗೆ ಮೊದಲು ಟ್ಯಾಬ್ಲೆಟ್ ಕೊಡಿಸಿದೆ. ಎರಡು ವರ್ಷದ ಮೇಲೆ ಅದೇ ಹುಡುಗನಿಗೆ ಲ್ಯಾಪ್‌ಟಾಪ್ ಕೊಡಿಸಬೇಕಾಯಿತು. ದುಡ್ಡು ಕೊಟ್ಟು ಕಲಿತ ಪಾಠ, ನಿಮಗೆ ಪುಕ್ಕಟೆ ಸಿಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಟ್ಯಾಬ್ಲೆಟ್ ಕೊಳ್ಳುವಾಗ ನಾವು ಲೆಕ್ಕ ಹಾಕಿದ್ದು ಮಗ ಏನೇನು ಓದುತ್ತಾನೆ ಅಂತ. ಪುಸ್ತಕಗಳ ಪಿಡಿಎಫ್, ಪಾಠದ ವಿಡಿಯೊ, ಆನ್‌ಲೈನ್ ಕ್ಲಾಸು. ಇದಕ್ಕೆಲ್ಲ ಟ್ಯಾಬ್ಲೆಟ್ ನಿಜಕ್ಕೂ ಚೆನ್ನ. ಮುಟ್ಟಿದ ತಕ್ಷಣ ತೆರೆದುಕೊಳ್ಳುತ್ತದೆ, ಬಿಸಿಯಾಗಿ ಫ್ಯಾನ್ ಸದ್ದು ಮಾಡುವುದಿಲ್ಲ, ಹತ್ತು-ಹನ್ನೊಂದು ಇಂಚಿನದು ಅರ್ಧ ಕಿಲೋ ಆಸುಪಾಸು ತೂಗುತ್ತದೆ ಅಷ್ಟೇ. ನಾವು ಲೆಕ್ಕ ಹಾಕದೆ ಬಿಟ್ಟದ್ದು ಒಂದೇ ಒಂದು: ಅವನು ಶಾಲೆಗೆ ಏನು ಮಾಡಿ ಒಪ್ಪಿಸಬೇಕು ಅನ್ನುವುದು.

ನನ್ನ ಉತ್ತರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಓದುವುದಕ್ಕೆ, ನೋಡುವುದಕ್ಕೆ, ಕೇಳುವುದಕ್ಕೆ ಯಾವ ಪರದೆಯಾದರೂ ನಡೆಯುತ್ತದೆ. ಮಗು ಮಾಡಿ ಒಪ್ಪಿಸುವ ಕೆಲಸ ಯಾವ ರೂಪದಲ್ಲಿದೆ ಅಂತ ನೋಡಿ ಸಾಧನ ಆರಿಸಬೇಕು.

ನಮ್ಮ ಮನೆಯಲ್ಲಿ ಅದು ಗೊತ್ತಾದದ್ದು ಒಂದು ರಾತ್ರಿ. ವಿಜ್ಞಾನದ ಪ್ರಾಜೆಕ್ಟ್, ಮೂವರು ಹುಡುಗರು ಸೇರಿ ಮಾಡಿದ್ದು, ಇಪ್ಪತ್ತು ಪುಟ. ಕೊನೆಯ ಜೋಡಣೆ ನನ್ನ ಮಗನ ಪಾಲಿಗೆ ಬಂದಿತ್ತು. ಗೆಳೆಯನ ಕಂಪ್ಯೂಟರಿನಲ್ಲಿ ನೀಟಾಗಿದ್ದ ಫೈಲು ಟ್ಯಾಬ್ಲೆಟ್‌ನಲ್ಲಿ ತೆರೆದರೆ ಚಿತ್ರಗಳೆಲ್ಲ ಜಾರಿ ಮುಂದಿನ ಪುಟಕ್ಕೆ ಹೋಗಿವೆ. ಒಂದು ಕೋಷ್ಟಕದ ಕೊನೆಯ ಕಾಲಂ ಪುಟದಿಂದ ಆಚೆ. ಬೆರಳಿನಿಂದ ಚಿತ್ರ ಎಳೆದರೆ ಅದು ಇನ್ನೆಲ್ಲೋ ಹೋಗಿ ಕೂರುತ್ತದೆ. ಹೇಗೋ ಸರಿಮಾಡಿದ ಅಂದುಕೊಳ್ಳಿ, ಆಮೇಲೆ ಫೈಲಿನ ಗಾತ್ರ ಜಾಸ್ತಿ ಅಂತ ಶಾಲೆಯ ವೆಬ್ ಪುಟ ಒಪ್ಪಿಕೊಳ್ಳಲಿಲ್ಲ. ಪೆನ್‌ಡ್ರೈವ್‌ಗೆ ಹಾಕೋಣ ಅಂದರೆ ಅದರ ಅಗಲ ಮೂತಿ ತೂರುವ ತೂತೇ ಟ್ಯಾಬ್ಲೆಟ್‌ನಲ್ಲಿಲ್ಲ. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯ ಬಾಗಿಲು ಬಡಿದು ಅವರ ಲ್ಯಾಪ್‌ಟಾಪ್ ಇಸಿದುಕೊಂಡೆವು. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ಮಗ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದ.

ಇದರಲ್ಲಿ ಟ್ಯಾಬ್ಲೆಟ್‌ನ ತಪ್ಪೇನೂ ಇಲ್ಲ. 2010ರಲ್ಲಿ, ಆ್ಯಪಲ್ ಕಂಪನಿಯ ಟ್ಯಾಬ್ಲೆಟ್ ಐಪ್ಯಾಡ್ ಬಂದ ವರ್ಷವೇ, ಆ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಕಂಪ್ಯೂಟರುಗಳನ್ನು ಲಾರಿಗೆ ಹೋಲಿಸಿದ್ದರು. ಲಾರಿಗಳು ಮುಂದೆಯೂ ಇರುತ್ತವೆ, ಆದರೆ ಬೇಕಾಗುವವರು ಕಡಿಮೆಯಾಗುತ್ತಾರೆ ಅನ್ನುವ ಅರ್ಥದಲ್ಲಿ. ಇರಬಹುದು. ಆದರೆ ಹೈಸ್ಕೂಲಿನ ಪ್ರಾಜೆಕ್ಟ್ ಅನ್ನುವುದು ಲಾರಿ ಕೆಲಸವೇ. ನಾಲ್ಕು ಕಡೆಯಿಂದ ಸಾಮಾನು ತಂದು ಒಂದೇ ಕಡೆ ಪೇರಿಸಬೇಕು.

ಹಾಗಾದರೆ ನಿಮ್ಮ ಮಗಳ ಆಸೆ ಸುಮ್ಮನೆ ಶೋಕಿಯೇ? ಅಲ್ಲ. ಒಂದು ವಿಷಯದಲ್ಲಿ ಟ್ಯಾಬ್ಲೆಟ್ಟನ್ನು ಮೀರಿಸಲು ಸಾಮಾನ್ಯ ಲ್ಯಾಪ್‌ಟಾಪ್‌ಗೆ ಆಗುವುದಿಲ್ಲ. ಅದು ಕೈಬರಹ. ಗಣಿತದ ಒಂದು ಸಮೀಕರಣವನ್ನು ಕೀಬೋರ್ಡಿನಲ್ಲಿ ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ. ಪೆನ್ನಿನಲ್ಲಿ ಹತ್ತು ಸೆಕೆಂಡಿನ ಕೆಲಸ, ಕೀಬೋರ್ಡಿನಲ್ಲಿ ಎರಡು ನಿಮಿಷ. ರೇಖಾಗಣಿತದ ಚಿತ್ರ, ರಸಾಯನಶಾಸ್ತ್ರದ ರಚನೆಗಳು, ಜೀವಕೋಶದ ಚಿತ್ರ, ಎಲ್ಲದಕ್ಕೂ ಇದೇ ಕತೆ. ಶಿಕ್ಷಕರು ಕಳಿಸಿದ ಪಿಡಿಎಫ್ ಮೇಲೆಯೇ ಗೀಟು ಹಾಕಿ, ಅಂಚಿನಲ್ಲಿ ಟಿಪ್ಪಣಿ ಬರೆದು, ತಪ್ಪಾದರೆ ಅಳಿಸಿ ಮತ್ತೆ ಬರೆಯುವ ಸುಖ ಬೇರೆಯೇ. ನೋಟ್‌ಬುಕ್ಕಿನ ಪುಟವನ್ನು ಟ್ಯಾಬ್ಲೆಟ್‌ನದೇ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ ಕಳಿಸುವುದೂ ಸಲೀಸು. ಲ್ಯಾಪ್‌ಟಾಪ್ ಎತ್ತಿ ಹಿಡಿದು ಪುಸ್ತಕದ ಫೋಟೊ ತೆಗೆಯುವವರನ್ನು ನೋಡಿದ್ದೇನೆ, ಪಾಪ.

ಆದರೆ ಪೆನ್ನು ಅಂದರೆ ಎಲ್ಲ ಪೆನ್ನೂ ಒಂದೇ ಅಲ್ಲ. ತುದಿಯಲ್ಲಿ ರಬ್ಬರ್ ಗುಂಡು ಇರುವ ಅಗ್ಗದ ಸ್ಟೈಲಸ್ ಬೆರಳಿನ ಬದಲಿ ಅಷ್ಟೇ. ಅದರಲ್ಲಿ ಬರೆದರೆ ಅಕ್ಷರ ದಪ್ಪ ದಪ್ಪ, ಅಂಗೈ ತಾಗಿದರೂ ಗೆರೆ ಬೀಳುತ್ತದೆ. ಬರೆಯಲು ಬೇಕಾದದ್ದು ಒಳಗೆ ವಿದ್ಯುತ್ ಭಾಗಗಳಿರುವ, ಪರದೆ ಪ್ರತ್ಯೇಕವಾಗಿ ಗುರುತಿಸುವ ಪೆನ್ನು. ಆ್ಯಪಲ್ ಪೆನ್ಸಿಲ್, ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಜಾತಿಯವು. ಅಂಗೈ ಊರಿದ್ದರೂ ಇಂಥವು ಪೆನ್ನಿನ ಗೆರೆಯನ್ನು ಮಾತ್ರ ಹಿಡಿಯುತ್ತವೆ. ಎಲ್ಲ ಟ್ಯಾಬ್ಲೆಟ್‌ಗೂ ಇದು ಹೊಂದುವುದಿಲ್ಲ. ಅದೇ ಕಂಪನಿಯ ಕಡಿಮೆ ದರ್ಜೆಯ ಮಾಡೆಲ್‌ಗೂ ಹೊಂದದೆ ಇರಬಹುದು. ಕೊಳ್ಳುವ ಮೊದಲು ಆ ಮಾಡೆಲ್ ಯಾವ ಪೆನ್ನಿಗೆ ಹೊಂದುತ್ತದೆ ಅಂತ ಹೆಸರು ಹಿಡಿದು ಕೇಳಿ.

ಕೈಯಲ್ಲಿ ಬರೆದರೆ ಚೆನ್ನಾಗಿ ನೆನಪಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದಕ್ಕೆ ಆಧಾರವಾಗಿ ಜನ ತೋರಿಸುವುದು ಹೆಚ್ಚಾಗಿ 2014ರಲ್ಲಿ ಸಂಶೋಧಕರಾದ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಪ್ರಕಟಿಸಿದ ಪ್ರಯೋಗಗಳನ್ನು. ಲ್ಯಾಪ್‌ಟಾಪ್‌ನಲ್ಲಿ ನೋಟ್ಸ್ ಮಾಡಿಕೊಂಡ ಕಾಲೇಜು ವಿದ್ಯಾರ್ಥಿಗಳು ಕೇಳಿದ್ದನ್ನು ಹಾಗ್ಹಾಗೇ ಟೈಪ್ ಮಾಡಿಕೊಂಡರು, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು ಅನ್ನುವುದು ಅದರ ಸಾರ. 2019ರಲ್ಲಿ ಬೇರೆ ತಂಡ ಅದನ್ನೇ ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಹಾಗಾಗಿ ಈ ಒಂದು ಕಾರಣಕ್ಕೆ ಟ್ಯಾಬ್ಲೆಟ್ ಕೊಳ್ಳಬೇಡಿ. ಕೈಬರಹವೇ ಬೇಕಿದ್ದರೆ ನೋಟ್‌ಬುಕ್ ಇದ್ದೇ ಇದೆ. ಅದಕ್ಕೆ ಚಾರ್ಜೂ ಬೇಡ.

ಇನ್ನು "ಟ್ಯಾಬ್ಲೆಟ್‌ಗೆ ಕೀಬೋರ್ಡ್ ಹಾಕಿಕೊಂಡರೆ ಆಯಿತಲ್ಲ" ಅನ್ನುವ ವಾದ. ನಾನೂ ಇದನ್ನೇ ಹೇಳಿ ಹೆಂಡತಿಯನ್ನು ಒಪ್ಪಿಸಿದ್ದೆ. ಟ್ಯಾಬ್ಲೆಟ್, ಅದಕ್ಕೆ ಕೀಬೋರ್ಡ್ ಕವರ್, ಮೇಲೆ ಒಳ್ಳೆ ಪೆನ್ನು. ಈ ಮೂರನ್ನೂ ಕೂಡಿಸಿ ನೋಡಿ. ಅದು ಒಂದು ಸಾಧಾರಣ ಲ್ಯಾಪ್‌ಟಾಪ್‌ನ ಬೆಲೆ ಮುಟ್ಟುತ್ತದೆ, ಎಷ್ಟೋ ಸಲ ದಾಟುತ್ತದೆ. ತೂಕವೂ ಹೆಚ್ಚುಕಡಿಮೆ ಒಂದು ಕಿಲೋ ಆಗುತ್ತದೆ. ಮೇಜಿನ ಮೇಲಾದರೆ ಪರವಾಗಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರೆ ಓಲಾಡುತ್ತದೆ. ಕೀಬೋರ್ಡ್ ಬಂದರೂ ಒಳಗಿರುವ ಆ್ಯಪ್‌ಗಳು ಮೊಬೈಲ್ ಜಾತಿಯವೇ. ವರ್ಡ್, ಎಕ್ಸೆಲ್ ನೋಡಲು ಹಾಗೇ ಕಂಡರೂ ಒಳಗೆ ಹಲವು ಸೌಲಭ್ಯ ಇರುವುದಿಲ್ಲ. ಎಕ್ಸೆಲ್‌ನ ಮ್ಯಾಕ್ರೊಗಳು (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳು) ಐಪ್ಯಾಡ್‌ನಲ್ಲೂ ಓಡುವುದಿಲ್ಲ, ಆ್ಯಂಡ್ರಾಯ್ಡ್‌ನಲ್ಲೂ ಓಡುವುದಿಲ್ಲ.

ಕೋಡಿಂಗ್ ಬಗ್ಗೆಯೂ ಕೇಳಿದ್ದಿರಿ. ಸಣ್ಣ ಮಕ್ಕಳಿಗೆ ಟ್ಯಾಬ್ಲೆಟ್ ಸಾಕು. ಚಿತ್ರದ ತುಂಡುಗಳನ್ನು ಜೋಡಿಸಿ ಕೋಡಿಂಗ್ ಕಲಿಯುವ ಸ್ಕ್ರ್ಯಾಚ್ ಜೂನಿಯರ್ ಆ್ಯಪ್ ಅನ್ನು ಐದರಿಂದ ಏಳು ವರ್ಷದ ಮಕ್ಕಳಿಗೆಂದೇ ಮಾಡಿದ್ದಾರೆ. 2019ರ ಜನವರಿಯಲ್ಲಿ ಬಂದ ಸ್ಕ್ರ್ಯಾಚ್ 3.0 ಟ್ಯಾಬ್ಲೆಟ್‌ನಲ್ಲೂ ನಡೆಯುತ್ತದೆ. ಆದರೆ ಒಂಬತ್ತು-ಹತ್ತನೇ ತರಗತಿಗೆ ಬಂದ ಮಕ್ಕಳು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡುತ್ತಾರೆ. ಬ್ರೌಸರಿನಲ್ಲೇ ಪೈಥಾನ್ ಓಡಿಸುವ ದಾರಿಗಳಿವೆ, ನಿಜ. ಆದರೆ ತನ್ನ ಯಂತ್ರದಲ್ಲೇ ಸಾಫ್ಟ್‌ವೇರ್ ಹಾಕಿ, ಫೋಲ್ಡರ್ ಮಾಡಿ, ಫೈಲು ಎಲ್ಲಿ ಉಳಿಯಿತು ಅಂತ ಹುಡುಕಿ, ತಪ್ಪು ಮಾಡಿ ಸರಿಪಡಿಸಿಕೊಳ್ಳುವುದೂ ಕಲಿಕೆಯೇ. ನನ್ನ ಮಗನಿಗೆ ಎರಡು ವರ್ಷ ಫೋಲ್ಡರ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಎಲ್ಲ ಆ ಆ್ಯಪ್ ಒಳಗೆ, ಈ ಆ್ಯಪ್ ಒಳಗೆ.

ಆನ್‌ಲೈನ್ ಪರೀಕ್ಷೆ ಇದ್ದರೆ ಇನ್ನೊಂದು ಎಚ್ಚರ. ಕೆಲವು ಶಾಲೆಗಳು ಪರೀಕ್ಷೆಯ ಹೊತ್ತಿನಲ್ಲಿ ಬೇರೆ ಯಾವುದೂ ತೆರೆಯದಂತೆ ಬೀಗ ಹಾಕುವ ಬ್ರೌಸರ್ ಬಳಸುತ್ತವೆ. ಸೇಫ್ ಎಕ್ಸಾಮ್ ಬ್ರೌಸರ್ ಅಂತ ಒಂದಿದೆ. ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಲ್ಲಿ ಓಡುತ್ತದೆ, ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಇಲ್ಲ. ನಿಮ್ಮ ಶಾಲೆ ಇಂಥದ್ದೇನಾದರೂ ಬಳಸುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಆಟ, ವಿಡಿಯೊ ಅಂತ ಮನಸ್ಸು ಚದುರುವ ವಿಷಯ ಬೇಡ ಬಿಡಿ. ಎರಡರಲ್ಲೂ ಚದುರುತ್ತದೆ. ಎರಡಕ್ಕೂ ಪೋಷಕರ ನಿಯಂತ್ರಣದ ಸೆಟ್ಟಿಂಗ್ ಇದೆ, ಎರಡರಲ್ಲೂ ಮಕ್ಕಳು ಅದಕ್ಕೊಂದು ದಾರಿ ಹುಡುಕುತ್ತಾರೆ.

ಇಷ್ಟು ಓದಿ ನಿಮ್ಮ ಯಜಮಾನರು ಗೆದ್ದೆ ಅಂತ ಬೀಗುವ ಮೊದಲು ಒಂದು ಮಾತು. ಕೆಟ್ಟ ಲ್ಯಾಪ್‌ಟಾಪ್ ಕೊಂಡರೆ ಒಳ್ಳೆ ಟ್ಯಾಬ್ಲೆಟ್ಟೇ ವಾಸಿ. ಎಲ್ಲಕ್ಕಿಂತ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ (ಫೈಲು ಉಳಿಸುವ ಜಾಗ, ನಿಧಾನ ಜಾತಿಯದು) ಇರುತ್ತದೆ. ವಿಂಡೋಸ್ 11 ಕೇಳುವ ಕನಿಷ್ಠ ಮಟ್ಟ ಸರಿಯಾಗಿ ಅಷ್ಟೇ. ಅಂದರೆ ಯಂತ್ರ ಆನ್ ಆಗುತ್ತದೆ ಅನ್ನುವುದು ಬಿಟ್ಟರೆ ಅದರಲ್ಲಿ ಬೇರೆ ಭರವಸೆ ಇಲ್ಲ. ಬ್ರೌಸರಿನಲ್ಲಿ ಹತ್ತು ಟ್ಯಾಬ್, ಪಕ್ಕದಲ್ಲಿ ವಿಡಿಯೊ ಕ್ಲಾಸ್ ಇಟ್ಟರೆ ಏದುಸಿರು ಬಿಡುತ್ತದೆ. ಎರಡು ಅಪ್‌ಡೇಟ್ ಬಂದರೆ ಜಾಗವೇ ಇರುವುದಿಲ್ಲ. ಅನೇಕ ಸಲ ಈ ಭಾಗಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಬದಲಿಸಲೂ ಆಗದು. ನಾಲ್ಕು ವರ್ಷ ಬಾಳಬೇಕು ಅಂದರೆ 8 ಜಿಬಿ ರ‍್ಯಾಮ್, 256 ಜಿಬಿಯ ವೇಗದ ಡಿಸ್ಕು, ಅಂದರೆ ಎಸ್‌ಎಸ್‌ಡಿ. ಇದಕ್ಕಿಂತ ಕೆಳಗೆ ನಾನಾದರೆ ಇಳಿಯುವುದಿಲ್ಲ. ಪ್ರೊಸೆಸರ್ ಹೆಸರಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಶಾಲೆಯ ಕೆಲಸದಲ್ಲಿ ಜಾಸ್ತಿ ಕಾಡುವುದು ರ‍್ಯಾಮೂ ಡಿಸ್ಕೂ.

ದುಡ್ಡು ಸಾಲದಿದ್ದರೆ ಆಫೀಸುಗಳಲ್ಲಿ ಬಳಸಿ ಬಿಟ್ಟ, ರಿಪೇರಿ ಮಾಡಿ ವಾರಂಟಿಯೊಂದಿಗೆ ಮಾರುವ ಲ್ಯಾಪ್‌ಟಾಪ್ ನೋಡಿ. ನಾನು ಎರಡನೇ ಸಲ ಕೊಂಡಿದ್ದು ಅಂಥದ್ದೇ. ಗಟ್ಟಿ ಕೀಬೋರ್ಡು, ಗಟ್ಟಿ ಹಿಂಜು. ಹೆಚ್ಚಿನವುಗಳಲ್ಲಿ ಎಸ್‌ಎಸ್‌ಡಿ ಬದಲಿಸಬಹುದು. ಆದರೆ ವಯಸ್ಸು ನೋಡಿ ಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಚಿಪ್ ಆದರೆ, ವಿಂಡೋಸ್ 11ಕ್ಕೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಇರಬೇಕು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ಓಡಿಸಿ ನೋಡಿ, ಮಾರುವವರ ಮಾತು ಕೇಳಿ ಅಲ್ಲ.

ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ವ್ಯವಸ್ಥೆ ಇರುವ ಲ್ಯಾಪ್‌ಟಾಪ್) ಕೂಡ ಆಗಬಹುದು, ಶಾಲೆಯ ಕೆಲಸವೆಲ್ಲ ಬ್ರೌಸರಿನಲ್ಲೇ ನಡೆಯುವುದಾದರೆ. ಅದಕ್ಕೆ ಅಪ್‌ಡೇಟ್ ನಿಲ್ಲುವ ದಿನ ಅಂತ ಒಂದಿರುತ್ತದೆ. ಆ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾಡೆಲ್‌ನ ಮೂಲ ವೇದಿಕೆ (ಒಳಗಿನ ಮೂಲ ಯಂತ್ರವಿನ್ಯಾಸ) ಬಿಡುಗಡೆಯಾದ ದಿನದಿಂದ. ಹಳೇ ಸ್ಟಾಕ್ ಅಗ್ಗವಾಗಿ ಸಿಕ್ಕರೆ ಆ ತಾರೀಖು ಮೊದಲು ನೋಡಿ. ಪರದೆ ಹಿಂದಕ್ಕೆ ಮಡಚುವ, ಪೆನ್ನಿನಲ್ಲಿ ಬರೆಯಬಹುದಾದ ಟೂ-ಇನ್-ಒನ್ ಲ್ಯಾಪ್‌ಟಾಪ್ ನಿಮ್ಮ ಮನೆಯ ಜಗಳಕ್ಕೆ ಒಳ್ಳೆ ರಾಜಿಯೇ, ಕೈಗೆಟಕಿದರೆ. ಆದರೆ ಹೆಚ್ಚಿನವು ಒಂದೂವರೆ ಕಿಲೋ ಹತ್ತಿರ ತೂಗುತ್ತವೆ. ಕೈಯಲ್ಲಿ ಹಿಡಿದು ಓದುವ ಆಸೆ ವಾರದಲ್ಲಿ ಬಿಟ್ಟುಹೋಗುತ್ತದೆ.

ನನ್ನನ್ನೇ ಕೇಳಿದರೆ ನಿಮ್ಮ ಮಗಳಿಗೆ ಲ್ಯಾಪ್‌ಟಾಪ್. ಐದು-ಆರನೇ ತರಗತಿಯ ಮಗುವಾಗಿದ್ದರೆ ಟ್ಯಾಬ್ಲೆಟ್ ಅನ್ನುತ್ತಿದ್ದೆ. ಒಂಬತ್ತರಿಂದ ಮುಂದೆ ಪ್ರತಿ ವರ್ಷ ಟೈಪ್ ಮಾಡುವುದು, ಜೋಡಿಸುವುದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಂದು ವಿಷಯ ಮಾತ್ರ ನೀವು ಬರೆದಿಲ್ಲ. ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಇದೆಯಾ? ಹಳೇ ಡೆಸ್ಕ್‌ಟಾಪ್ ಆದರೂ ಸರಿ, ಸಂಜೆ ಹೊತ್ತು ಅವಳಿಗೆ ಸಿಗುವಂತಿದ್ದರೆ ಸಾಕು. ಹಾಗಿದ್ದರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ತಿರುಗಿಬಿಡುತ್ತದೆ. ಲಾರಿ ಮನೆಯಲ್ಲೇ ಇದೆ, ಅವಳಿಗೆ ಟ್ಯಾಬ್ಲೆಟ್ಟೂ ಒಳ್ಳೆ ಪೆನ್ನೂ ಕೊಡಿಸಿ. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದೂ ಹಾಗೇ. ಹಳೇ ಟ್ಯಾಬ್ಲೆಟ್ ಮೂಲೆಗೆ ಬೀಳುತ್ತದೆ ಅಂದುಕೊಂಡಿದ್ದೆ, ಮಗ ಗಣಿತಕ್ಕೆ ಇವತ್ತಿಗೂ ಅದನ್ನೇ ಎತ್ತಿಕೊಳ್ಳುತ್ತಾನೆ.

ಮೊದಲು ಹೀಗೆ ಮಾಡಿ. ಮುಂದಿನ ತರಗತಿಯಲ್ಲಿ ಓದುತ್ತಿರುವ ಹುಡುಗಿ ಯಾರಾದರೂ ಪರಿಚಯ ಇದ್ದರೆ, ಹೋದ ಒಂದು ತಿಂಗಳಲ್ಲಿ ಅವಳು ಶಾಲೆಗೆ ಏನೇನು ಒಪ್ಪಿಸಿದಳು ಅಂತ ನಿಮ್ಮ ಮಗಳ ಕೈಯಲ್ಲೇ ಪಟ್ಟಿ ಮಾಡಿಸಿ. ಕೈಯಲ್ಲಿ ಬರೆದದ್ದೆಷ್ಟು, ಟೈಪ್ ಮಾಡಿದ್ದೆಷ್ಟು. ಪಟ್ಟಿಯನ್ನೂ ಮನೆಯ ಕಂಪ್ಯೂಟರಿನ ವಿಷಯವನ್ನೂ ಇಲ್ಲೇ ಕೆಳಗೆ ಬರೆಯಿರಿ, ಮಾಡೆಲ್ ಯಾವುದು ಅಂತ ಆಮೇಲೆ ಮಾತಾಡೋಣ.