ಕ್ಯಾರಲ್ ಗಾರ್ಡನ್ಸ್‌ನ ಹಳೆಯ ಚರಿತ್ರೆ: ಹೆಸರನ್ನು ಬಿಟ್ಟು ಬೀದಿಯನ್ನು ಹಿಡಿಯಿರಿ

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಕ್ಯಾರಲ್ ಗಾರ್ಡನ್ಸ್ ಬಡಾವಣೆ 1900ರ ಸುಮಾರಿಗೆ ಹೇಗಿತ್ತೆಂದು ಗ್ರಂಥಾಲಯದ ದಾಖಲೆಗಳಲ್ಲಿ ಹುಡುಕಿದರೂ ಏನೂ ಸಿಗುತ್ತಿಲ್ಲವೆಂದು ಬರೆದಿದ್ದೀರಿ. ಆ ಹೆಸರು ಬಳಕೆಗೆ ಬಂದದ್ದೇ 1960ರ ದಶಕದಲ್ಲಿ. ಅದಕ್ಕೂ ಮೊದಲು ಆ ಭಾಗವನ್ನು ದಕ್ಷಿಣ ಬ್ರೂಕ್ಲಿನ್ ಅಥವಾ ರೆಡ್ ಹುಕ್ ಎಂದೇ ಕರೆಯುತ್ತಿದ್ದರು. ಆದ್ದರಿಂದ ಬೀದಿಯ ಹೆಸರು ಮತ್ತು ಮನೆಯ ಸಂಖ್ಯೆಯನ್ನು ಹಿಡಿದು ಹುಡುಕಿರಿ.

ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಸ್ಯಾನ್‌ಬಾರ್ನ್ ಕಂಪನಿಯ ನಕ್ಷೆಗಳು. ಬೆಂಕಿ ವಿಮೆಯ ಅಪಾಯವನ್ನು ಅಳೆಯಲೆಂದು ತಯಾರಾದ ಇವುಗಳಲ್ಲಿ ಪ್ರತಿ ಕಟ್ಟಡದ ಆಕಾರ, ಮಹಡಿಗಳ ಸಂಖ್ಯೆ ಹಾಗೂ ಬಳಕೆ ದಾಖಲಾಗಿದ್ದು, ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ ಬಣ್ಣವಿರುತ್ತದೆ. ಒಂದೇ ಬೀದಿಯ ಬೇರೆ ಬೇರೆ ವರ್ಷಗಳ ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಮರದ ಮನೆಗಳು ಯಾವಾಗ ಹೋದವು, ಕಾರ್ಖಾನೆ ಎಲ್ಲಿ ಬಂತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಇಷ್ಟು ವಿವರವನ್ನು ಬೇರೆ ಯಾವ ಆಕರವೂ ಒಂದೇ ಕಡೆ ಕೊಡುವುದಿಲ್ಲ.

ನಿವಾಸಿಗಳ ಹೆಸರು ಮತ್ತು ವೃತ್ತಿಗೆ ನಗರ ಡೈರೆಕ್ಟರಿಗಳಿವೆ. ಆದರೆ ಅವು ಮುಖ್ಯವಾಗಿ ಮನೆಯ ಯಜಮಾನರನ್ನೇ ಪಟ್ಟಿ ಮಾಡುವುದರಿಂದ, ಹೆಂಗಸರು, ಮಕ್ಕಳು ಮತ್ತು ಬಾಡಿಗೆಯ ಕೋಣೆಯಲ್ಲಿದ್ದ ಕೂಲಿಕಾರರನ್ನು ಕಾಣಬೇಕಾದರೆ 1900ರ ರಾಷ್ಟ್ರೀಯ ಜನಗಣತಿಯನ್ನೂ 1905ರ ರಾಜ್ಯ ಜನಗಣತಿಯನ್ನೂ ತಪ್ಪದೆ ನೋಡಬೇಕು.

ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯವು ‘ಬ್ರೂಕ್ಲಿನ್ ಡೈಲಿ ಈಗಲ್’ ಪತ್ರಿಕೆಯ 1841ರಿಂದ 1955ರವರೆಗಿನ ಸಂಚಿಕೆಗಳನ್ನು ಉಚಿತವಾಗಿ ಜಾಲತಾಣದಲ್ಲಿ ಒದಗಿಸಿದೆ. ಮಸುಕಾದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರಬಹುದಾದ್ದರಿಂದ ಬೀದಿಯ ಹೆಸರಿನ ಸಂಕ್ಷಿಪ್ತ ರೂಪಗಳನ್ನೂ ಪ್ರಯತ್ನಿಸಿ. ಅಲ್ಲಿನ ಸ್ಥಳೀಯ ಇತಿಹಾಸ ವಿಭಾಗದ ಗ್ರಂಥಪಾಲಕರಿಗೆ ಬರೆಯುವಾಗ ಬೀದಿ, ಅಡ್ಡಬೀದಿ ಮತ್ತು ಕಾಲಾವಧಿ ಮೂರನ್ನೂ ತಿಳಿಸಿರಿ.